ಹಳೇ ಟಿವಿ ಟ್ಯೂನರ್ ಕಾರ್ಡ್, ಬೇರೆ ಬೇರೆ ಲಿನಕ್ಸ್ ಕರ್ನೆಲ್: ಕೊನೆಗೂ ಚಿತ್ರ ಬಂತು

"ಆ ಹಳೇ ಕಾರ್ಡನ್ನು ಗುಜರಿಗೆ ಹಾಕಿ, ಒಂದು ಯುಎಸ್‌ಬಿ ಕ್ಯಾಪ್ಚರ್ ಸ್ಟಿಕ್ ತಗೊಳ್ಳಿ" ಅಂತ ಹೇಳದವರೇ ಇಲ್ಲ. ತಗೊಂಡೆ, ಎರಡು. ಒಂದು ಕೆಲವೇ ದಿನಕ್ಕೆ ಸತ್ತಿತು. ಇನ್ನೊಂದರ ಡಬ್ಬದ ಮೇಲೆ ಇದ್ದ ಮಾಡೆಲ್ ಹೆಸರು ಸರಿಯಾಗಿಯೇ ಇತ್ತು, ಒಳಗಿನ ಚಿಪ್ ಮಾತ್ರ ಬೇರೆ. ಎರಡಕ್ಕೂ ಸುರಿದ ದುಡ್ಡು ಹಳೇ ಕಾರ್ಡಿನ ಬೆಲೆಯ ಹೆಚ್ಚುಕಮ್ಮಿ ಮೂರು ಪಟ್ಟು. ನನಗೆ ಬೇಕಿದ್ದುದು ಇಷ್ಟೇ: ಹಳೇ ವಿಡಿಯೋ ಟೇಪ್‌ಗಳನ್ನು ಕಂಪ್ಯೂಟರಿಗೆ ಇಳಿಸಬೇಕು. ವಿಸಿಆರ್‌ನ ಕಾಂಪೋಸಿಟ್ ಸಾಕೆಟ್ ಕೆಟ್ಟಿದೆ, ಟಿವಿ ಚಾನೆಲ್ ರೂಪದಲ್ಲಿ ಸಿಗ್ನಲ್ ಕಳಿಸುವ ಆರ್‌ಎಫ್ ಔಟ್ ಮಾತ್ರ ಚೆನ್ನಾಗಿದೆ. ಹಾಗಾಗಿ ಅನಲಾಗ್ ಟ್ಯೂನರ್ ಬೇಕೇ ಬೇಕು.

ನನ್ನದು ಎಸ್‌ಎಎ7134 ಚಿಪ್ಪಿನ ಪಿಸಿಐ ಕಾರ್ಡ್. ಕಾರ್ಡಿನ ಗುರುತು ಇಟ್ಟುಕೊಳ್ಳುವ ಈಪ್ರಾಮ್ ಮೆಮೊರಿಯಲ್ಲಿ ಉಪಯೋಗಕ್ಕೆ ಬರುವಂಥದ್ದೇನೂ ಇಲ್ಲ. ಡ್ರೈವರ್ ಅದನ್ನು 'ಕಾರ್ಡ್ 0, ಅನ್‌ನೋನ್' ಅಂತ ಗುರುತಿಸಿ ಸುಮ್ನಾಗುತ್ತದೆ. ಆ 0 ಸಂಖ್ಯೆಯ ಸೆಟ್ಟಿಂಗ್‌ನಲ್ಲಿ ಟ್ಯೂನರ್ ಇನ್‌ಪುಟ್ಟೇ ಇರುವುದಿಲ್ಲ. ಹೆಚ್ಚಿನವರು ಕಾರ್ಡ್ ಸಂಖ್ಯೆಗಳನ್ನು ಒಂದಾದ ಮೇಲೊಂದು ಹಾಕಿ ನೋಡುತ್ತಾರೆ. ನಾನು ಟ್ಯೂನರ್ ಡಬ್ಬಿಯ ಲೇಬಲ್ ಮೇಲಿನ ಧೂಳು ಒರೆಸಿದೆ: ಎಫ್‌ಎಂ1216ಎಂಇ ಎಂಕೆ3. ಅಂದರೆ ಡ್ರೈವರ್‌ನ ಪಟ್ಟಿಯಲ್ಲಿ ಟ್ಯೂನರ್ 38. ಆಮೇಲೆ ಡ್ರೈವರ್ ಮಾಡ್ಯೂಲನ್ನು ಐ2ಸಿ (ಕಾರ್ಡಿನ ಚಿಪ್‌ಗಳು ಮಾತಾಡುವ ತಂತಿ) ಸ್ಕ್ಯಾನ್ ಆಯ್ಕೆಯೊಂದಿಗೆ ಲೋಡ್ ಮಾಡಿದೆ. ಹೆಕ್ಸ್‌ನಲ್ಲಿ 86 ಮತ್ತು ಸಿ2 ವಿಳಾಸಗಳು ಕಂಡವು, ಟ್ಯೂನರಿನ ಚಿಪ್‌ಗಳು ಅಲ್ಲಿವೆ ಅಂತರ್ಥ. ಐ2ಸಿ ಟೂಲ್ಸ್‌ನಲ್ಲಿ ನೋಡಿದರೆ ಅವೇ 43 ಮತ್ತು 61 ಆಗಿ ಕಾಣುತ್ತವೆ, ಗಾಬರಿ ಬೇಡ, ಡ್ರೈವರ್ ಒಂದು ಬಿಟ್ ಎಡಕ್ಕೆ ಸರಿಸಿ ಬರೆಯುತ್ತದೆ ಅಷ್ಟೇ. ಕಾರ್ಡ್ ಸಂಖ್ಯೆ ಯಾವುದು ಹಾಕಿದೆ ಅಂತ ಮಾತ್ರ ಇಲ್ಲಿ ಬರೆಯುವುದಿಲ್ಲ. ನಿಮ್ಮ ಕಾರ್ಡಿನ ಜಿಪಿಐಒ (ಚಿಪ್ಪಿನ ನಿಯಂತ್ರಣ ಪಿನ್) ವೈರಿಂಗ್ ಬೇರೆ ಇರುತ್ತದೆ, ಅದನ್ನೇ ನಕಲು ಮಾಡಿ ಆಮೇಲೆ ನನ್ನನ್ನು ಬೈಯ್ತೀರಿ.

ಡಿಸ್ಟ್ರೋ (ಸಿದ್ಧ ಲಿನಕ್ಸ್) ಜೊತೆ ಬಂದ ಕರ್ನೆಲ್‌ನಲ್ಲಿ ಚಿತ್ರ ಬಂತು. ನಾನೇ ಕಟ್ಟಿದ ಸಣ್ಣ ಕರ್ನೆಲ್‌ಗೆ ಬೂಟ್ ಮಾಡಿದರೆ ಬರೀ ಮಂಜು! ವಿಡಿಯೋ ಡಿವೈಸ್ ಇದೆ, ಎಸ್‌ಎಎ7134 ಲೋಡ್ ಆಗಿದೆ, ಟ್ಯೂನರ್ ಸುದ್ದಿಯೇ ಇಲ್ಲ. ಇದಕ್ಕೇ ಜಾಸ್ತಿ ದಿನ ಹೋಯಿತು. ಕಾರಣ ಲೋಕಲ್‌ಮಾಡ್‌ಕಾನ್ಫಿಗ್, ಕರ್ನೆಲ್ ಕಟ್ಟಲು ಸಣ್ಣ ಕಾನ್ಫಿಗ್ ತಯಾರಿಸುವ ಆಜ್ಞೆ. ಆ ಕ್ಷಣ ಲೋಡ್ ಆಗಿರುವ ಮಾಡ್ಯೂಲ್‌ಗಳನ್ನಷ್ಟೇ ಅದು ಉಳಿಸುತ್ತದೆ. ಕಾನ್ಫಿಗ್ ತೆಗೆದಾಗ ಕಾರ್ಡ್ ಇನ್ನೂ 'ಅನ್‌ನೋನ್' ಆಗಿತ್ತಲ್ವಾ, ಟ್ಯೂನರ್‌ಗೆ ಬೇಕಾದ ಟ್ಯೂನರ್-ಸಿಂಪಲ್ ಮತ್ತು ಟಿಡಿಎ9887 ಮಾಡ್ಯೂಲ್ ಎರಡೂ ಹೊರಗೆ. ಮೀಡಿಯಾ ಮೆನುವಿನಲ್ಲಿ ಸಹಾಯಕ ಡ್ರೈವರ್‌ಗಳನ್ನು ತಾನಾಗಿ ಆರಿಸುವ ಆಯ್ಕೆಯೂ ಆಫ್ ಇತ್ತು. ಅದನ್ನು ಆನ್ ಮಾಡಿ ಮತ್ತೆ ಕಟ್ಟಿದ್ದೇ ತಡ, ಟ್ಯೂನರ್ ಹಾಜರ್.

ನಡುವೆ ಒಬ್ಬರ ಮಾತು ಕೇಳಿ ಮೀಡಿಯಾ ಬಿಲ್ಡ್ (ಹೊಸ ಮೀಡಿಯಾ ಡ್ರೈವರ್‌ಗಳನ್ನು ಹಳೇ ಕರ್ನೆಲ್‌ಗೆ ಕಟ್ಟಿಕೊಡುವ ಸಾಧನ) ಕೂಡ ಹಾಕಿದ್ದೆ. ಅದು ಮೀಡಿಯಾ ಮಾಡ್ಯೂಲ್‌ಗಳನ್ನೆಲ್ಲ ಬದಲಿಸಲು ಹೋಗಿ, ಕೆಲವು ಹಳೇವು, ಕೆಲವು ಹೊಸವು ಆದವು. ಡಿಮೆಸೇಜ್ (ಕರ್ನೆಲ್ ಲಾಗ್) ತುಂಬಾ ಸಿಂಬಲ್ ವರ್ಷನ್ ಹೊಂದುವುದಿಲ್ಲ ಅನ್ನುವ ಗೋಳು. ರಿಪೇರಿ ಮಾಡಲು ಕೂರಬೇಡಿ. ಆ ಕರ್ನೆಲ್‌ನ ಮಾಡ್ಯೂಲ್ ಫೋಲ್ಡರ್ ಪೂರ್ತಿ ತೆಗೆದು, ಪ್ಯಾಕೇಜ್ ಮತ್ತೆ ಹಾಕಿ. ಆ ಫೋಲ್ಡರ್ ತೆಗೆಯುವಾಗ ಬೂಟ್ ಆಗಿರುವುದು ಬೇರೆ ಕರ್ನೆಲ್‌ನಲ್ಲಿ ಇರಲಿ.

ಇನ್ನು ಚಾನೆಲ್. ನನ್ನ ವಿಸಿಆರ್ ಯುಎಚ್‌ಎಫ್ 36ರಲ್ಲಿ ಕಳಿಸುತ್ತದೆ, ಅಂದರೆ 591.25 ಮೆಗಾಹರ್ಟ್ಸ್. ಚಿತ್ರ ಸೊಗಸಾಗಿತ್ತು, ಧ್ವನಿ ಬದಲು ಬುಸ್ ಅನ್ನುವ ಸದ್ದು. ಪ್ಯಾಲ್ ಬಿ/ಜಿ ಅನ್ನುವ ಟಿವಿ ಪದ್ಧತಿಯಲ್ಲಿ ಧ್ವನಿ ಚಿತ್ರದ ವಾಹಕದಿಂದ 5.5 ಮೆಗಾಹರ್ಟ್ಸ್ ಮೇಲೆ, ಪ್ಯಾಲ್ ಐಯಲ್ಲಿ 6 ಮೆಗಾಹರ್ಟ್ಸ್. ನಾರ್ಮ್ (ಟಿವಿ ಪದ್ಧತಿ) ಬದಲಿಸಿದ ಕೂಡಲೇ ಮಾತು ಕೇಳಿಸಿತು. ರೆಕಾರ್ಡಿಂಗ್‌ಗೆ 32000 ಸ್ಯಾಂಪಲ್ ರೇಟ್ ಕೊಟ್ಟಾಗಲೇ ಸರಿಯಾಗಿ ಬಂದಿದ್ದು. ಎಸ್‌ಎಎ7134 ತೆಗೆಯಲು ಹೋದಾಗ 'ಬಳಕೆಯಲ್ಲಿದೆ' ಅಂದರೆ ಧ್ವನಿಯ ಮಾಡ್ಯೂಲ್ ಎಸ್‌ಎಎ7134-ಅಲ್ಸಾವನ್ನು ಸೌಂಡ್ ಸರ್ವರ್ ಹಿಡಿದುಕೊಂಡಿರುತ್ತದೆ. ಮೊದಲು ಅದನ್ನು ಬಿಡಿಸಿ.

ಪಿಸಿಐ ಸ್ಲಾಟ್ ಇಲ್ಲದ ಹೊಸ ಬೋರ್ಡ್‌ನಲ್ಲಿ ಪಿಸಿಐ ಎಕ್ಸ್‌ಪ್ರೆಸ್ ಬ್ರಿಡ್ಜ್ ಅಡಾಪ್ಟರ್ ಹಾಕಿಯೂ ನೋಡಿದೆ, ಸುಮ್ನೆ ಕುತೂಹಲಕ್ಕೆ. ಕಾರ್ಡ್ ಕಂಡಿತು, ಚಿತ್ರವೂ ಬಂತು, ಆದರೆ ಆಗಾಗ ಫ್ರೇಮ್ ಬೀಳುತ್ತಿತ್ತು. ಅಡಾಪ್ಟರ್‌ಗೆ ಹೋದ ದುಡ್ಡು ಹೋದಂಗೇ.

ಕೋಲ್ಡ್ ಬೂಟ್‌ನಲ್ಲಿ ಒಮ್ಮೊಮ್ಮೆ ಟ್ಯೂನರ್ ಕಾಣದೆ, ರೀಬೂಟ್ ಮಾಡಿದ ಮೇಲೆ ಕಾಣುವ ತೊಂದರೆಗೂ ಮದ್ದು ಸಿಕ್ಕಿದೆ, ಮಾಡ್ಯೂಲ್‌ಗಳ ಕ್ರಮದಲ್ಲಿ ಒಂದು ಚಿಕ್ಕ ಕೈಚಳಕ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಆಯ್ಕೆಗಳನ್ನು ಮಾಡ್‌ಪ್ರೋಬ್ ಫೈಲಿಗೆ ಹಾಕಿ, ಬೂಟ್ ಶುರುವಲ್ಲಿ ಲೋಡ್ ಆಗುವ ಇನಿಟ್‌ರಾಮ್‌ಎಫ್‌ಎಸ್ ಹೊಸದಾಗಿ ಮಾಡಿ, ಈ ಕರ್ನೆಲ್ ಅಪ್‌ಡೇಟ್ ಆಗದಂತೆ ಬಿಗಿ ಮಾಡಿದ್ದೇನೆ. ಅರ್ಧಕ್ಕೂ ಜಾಸ್ತಿ ಟೇಪ್ ಹಾರ್ಡ್‌ಡಿಸ್ಕ್‌ಗೆ ಬಂದಿವೆ. ಗುಜರಿಗೆ ಹಾಕಿ ಅಂದವರಲ್ಲಿ ಇಬ್ಬರು ತಮ್ಮ ಟೇಪ್ ತಂದುಕೊಟ್ಟಿದ್ದಾರೆ.