ಆಸ್ಟ್ರೇಲಿಯಾದಲ್ಲಿ ಸಿಪಿ ಇರುವ ಮಗುವಿನ ಅಪ್ಪ ಅಮ್ಮಂದಿರಿಗೆ: ಈ ಎರಡು ಫಾರ್ಮ್ ಬೆರೆಸಬೇಡಿ

ಎನ್‌ಡಿಐಎಸ್ ಅಂದರೆ ಅಂಗವೈಕಲ್ಯ ಇರುವವರಿಗೆ ನೆರವಿನ ಹಣ ಕೊಡುವ ಇಲ್ಲಿನ ಸರ್ಕಾರಿ ಯೋಜನೆ, ತಾತ್ಕಾಲಿಕ ವೀಸಾದಲ್ಲಿದ್ದರೆ ಸಿಗುವುದಿಲ್ಲ, 9 ವರ್ಷದೊಳಗಿನ ಮಕ್ಕಳಿಗೆ ಬೇರೆ ದಾರಿ ಇದೆ, ಇವೆಲ್ಲ ನಿಮಗೆ ಗೊತ್ತಿದೆ. ಬಿಡೋಣ. ಈಚೆಗೆ ಪರಿಚಯವಾದ ಮೂರು ಕನ್ನಡ ಕುಟುಂಬಗಳು ನಾನು ಮಾಡಿದ ತಪ್ಪನ್ನೇ ಮಾಡಿದ್ದು ನೋಡಿ ಸಂಕಟವಾಯಿತು, ಅದಕ್ಕೇ ಬರೆಯುತ್ತಿದ್ದೇನೆ.

ಸೆರೆಬ್ರಲ್ ಪಾಲ್ಸಿ (ಸಿಪಿ, ಮೆದುಳಿನ ತೊಂದರೆಯಿಂದ ಮೈಯ ಚಲನೆಗೆ ಕಷ್ಟವಾಗುವ ಸ್ಥಿತಿ) ಇರುವ ಮಗುವಿನ ಬಗ್ಗೆ ಇಲ್ಲಿ ಎರಡು ಥರದ ಪ್ರಶ್ನೆ ಕೇಳುತ್ತಾರೆ. ಒಂದು, ಮಗು ಏನೇನು ಮಾಡಬಲ್ಲದು. ಎನ್‌ಡಿಐಎಸ್‌ನಲ್ಲಿ ಬಳಸುವ ಪೆಡಿ-ಕ್ಯಾಟ್ ಅನ್ನುವ ಪ್ರಶ್ನಾವಳಿ ಇಂಥದ್ದು. ಇನ್ನೊಂದು, ಮಗುವಿಗೆ ತನ್ನ ಬದುಕು ಹೇಗನ್ನಿಸುತ್ತಿದೆ. ಮೆಲ್ಬರ್ನ್‌ನಲ್ಲೇ ತಯಾರಾದ ಸಿಪಿ ಕ್ಯೂಓಎಲ್ (ಕ್ಯೂಓಎಲ್ ಅಂದರೆ ಬದುಕಿನ ಗುಣಮಟ್ಟ) ಈ ಥರದ್ದು. 4ರಿಂದ 12 ವರ್ಷದವರ ಪರವಾಗಿ ನಾವು ತುಂಬಬೇಕು, 9 ಆದ ಮೇಲೆ ಮಗುವೇ ತುಂಬಬಹುದು.

ನಾನು ಎರಡನ್ನೂ ಉಲ್ಟಾ ತುಂಬಿದೆ.

ಒಂದು ಭಾನುವಾರ ಮಗಳು ತಾನೇ ಅಂಗಿ ಹಾಕಿಕೊಂಡಿದ್ದಳು. ಇಪ್ಪತ್ತು ನಿಮಿಷ ಹಿಡಿದಿತ್ತು, ಎಡಗೈ ತೋಳಿಗೆ ತೂರಿಸಿದ್ದು ನಾನು. ಆದರೂ ಪೆಡಿ-ಕ್ಯಾಟ್‌ನಲ್ಲಿ 'ಸುಲಭ' ಅಂತ ಹೇಳಿದೆ. ಹೊರಗಿನವರ ಮುಂದೆ ಮಗುವಿನ ಕಷ್ಟ ಹೇಳಲು ಬಾಯಿ ಬರಲಿಲ್ಲ, ನಮ್ಮವರಿಗೆಲ್ಲ ಇದು ಇದ್ದದ್ದೇ ಅಲ್ವಾ. ಎನ್‌ಡಿಐಎಸ್ ಪ್ಲಾನ್ (ಯಾವುದಕ್ಕೆ ಎಷ್ಟು ಹಣ ಅನ್ನುವ ಪಟ್ಟಿ) ಬಂದಾಗ ಥೆರಪಿಗೆ ಸಿಕ್ಕ ಹಣ ತೀರಾ ಕಡಿಮೆ. 3 ತಿಂಗಳೊಳಗೆ ಮರುಪರಿಶೀಲನೆ ಕೇಳಬಹುದು ಅಂತ ಗೊತ್ತಾಗುವಷ್ಟರಲ್ಲಿ ಗಡುವು ಮುಗಿದಿತ್ತು. ಉಳಿದ ವರ್ಷವೆಲ್ಲ ಫಿಸಿಯೋಗೆ ಕೈಯಿಂದ ಕಟ್ಟಿದೆವು. ದಯವಿಟ್ಟು ಆ ಫಾರ್ಮ್‌ನಲ್ಲಿ ಮಗುವಿನ ಅತಿ ಒಳ್ಳೆಯ ದಿನವನ್ನು ಬರೆಯಬೇಡಿ. ಮಾಮೂಲಿ ಮಂಗಳವಾರ ಬೆಳಿಗ್ಗೆ ಹೇಗಿರುತ್ತದೋ ಅದನ್ನು ಬರೆಯಿರಿ. ಯಾರು ಹಿಡಿದುಕೊಂಡರು, ಎಷ್ಟು ನಿಮಿಷ ಆಯಿತು, ಎಲ್ಲ.

ಸಿಪಿ ಕ್ಯೂಓಎಲ್‌ನಲ್ಲಿ 'ಇದರ ಬಗ್ಗೆ ನಿಮ್ಮ ಮಗುವಿಗೆ ಹೇಗನ್ನಿಸುತ್ತದೆ' ಅಂತ ಕೇಳುತ್ತಾರೆ, 1ರಿಂದ 9ರವರೆಗೆ ಗುರುತು ಹಾಕಬೇಕು. ಓಡಾಟದ ಪ್ರಶ್ನೆಗೆ ನಾನು 2 ಹಾಕಿದೆ. ಅದು ನನ್ನ ಸಂಕಟ, ಅವಳದ್ದಲ್ಲ. ನೋವಿನ ಬಗ್ಗೆ ಏನೂ ತೊಂದರೆ ಇಲ್ಲ ಅಂದೆ.

ಆಗ ಅವಳಿಗೆ 6 ವರ್ಷ. ಪೆಡ್ಸ್‌ಕ್ಯೂಎಲ್ ಅನ್ನುವ ಇನ್ನೊಂದು ಪ್ರಶ್ನಾವಳಿಯಲ್ಲಿ 5ರಿಂದ 7 ವರ್ಷದವರಿಗೆ ಮೂರು ಮುಖಗಳ ಚಿತ್ರ ತೋರಿಸಿ ಕೇಳುತ್ತಾರೆ. ನಡೆಯುವುದು ಕಷ್ಟವಾ ಅಂದಾಗ ಮಗಳು ನಗುಮುಖದ ಮೇಲೆ ಬೆರಳಿಟ್ಟಳು. ನೋವಾಗುತ್ತಾ ಅಂದಾಗ ಸಪ್ಪೆ ಮುಖದ ಮೇಲೆ ಇಟ್ಟ ಬೆರಳು ತೆಗೆಯಲೇ ಇಲ್ಲ. ಥೆರಪಿಸ್ಟ್ ಸ್ಪ್ಲಿಂಟ್ (ಕಾಲಿಗೆ ಕಟ್ಟುವ ಆಸರೆ) ಬಿಚ್ಚಿ ನೋಡಿದರೆ ಹಿಮ್ಮಡಿಯ ಪಕ್ಕ ಕೆಂಪು ಬರೆ. ಕಾಲು ಬೆಳೆದು ಸ್ಪ್ಲಿಂಟ್ ಬಿಗಿಯಾಗಿತ್ತು. 'ಕಚ್ತಿದೆ ಅಮ್ಮಾ' ಅಂತ ವಾರಗಟ್ಟಲೆ ಹೇಳಿದ್ದಳು, ಹಾಕಿಕೊಳ್ಳಲು ಹಠ ಅಂದುಕೊಂಡು ಪಟ್ಟಿ ಬಿಗಿಯುತ್ತಿದ್ದವಳು ನಾನೇ.

ಇದು ನನ್ನೊಬ್ಬಳ ಕಥೆಯಲ್ಲ. ಯುರೋಪಿನಲ್ಲಿ ಸ್ಪಾರ್ಕಲ್ ಅನ್ನುವ ಅಧ್ಯಯನ ನಡೆದು, 2007ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಸಿಪಿ ಇರುವ 8ರಿಂದ 12 ವರ್ಷದ 500 ಮಕ್ಕಳು ತಾವೇ ಉತ್ತರಿಸಿದ್ದರು. ಹೆಚ್ಚಿನ ವಿಷಯಗಳಲ್ಲಿ ಅವರ ಉತ್ತರ ಬೇರೆ ಮಕ್ಕಳ ಉತ್ತರದಷ್ಟೇ ಚೆನ್ನಾಗಿತ್ತು. ನೋವಿದ್ದ ಮಕ್ಕಳ ಅಂಕ ಮಾತ್ರ ಎಲ್ಲದರಲ್ಲೂ ಕೆಳಗೆ. ಉತ್ತರ ಕೊಡಲಾಗದಷ್ಟು ತೊಂದರೆ ಇದ್ದ ಮಕ್ಕಳು ಈ 500ರಲ್ಲಿ ಇಲ್ಲ, ಅದನ್ನು ಮರೆಯಬಾರದು. ಅಂಥ ಮಕ್ಕಳಿಗೆ, 4 ತುಂಬದವರಿಗೆ, ನಮ್ಮ ಕಣ್ಣೇ ಆಧಾರ. ನಿದ್ದೆ ಹೇಗಿದೆ, ಬಟ್ಟೆ ಬದಲಿಸುವಾಗ ಅಳುತ್ತದಾ, ಯಾರು ಬಂದರೆ ಮುಖ ಅರಳುತ್ತದೆ, ಬರೆದಿಟ್ಟುಕೊಳ್ಳಿ.

ಭಾರತದಲ್ಲಿ ಅಂಗವೈಕಲ್ಯದ ಸರ್ಟಿಫಿಕೇಟ್‌ನಲ್ಲಿ ಶೇಕಡಾ 40 ದಾಟಿತಾ ಅನ್ನುವುದೇ ದೊಡ್ಡ ವಿಷಯ. ಅದಕ್ಕಿಂತ ಮಗುವಿಗೆ ಏನು ನೆರವು ಬೇಕು ಅಂತ ಕೇಳುವ ಇಲ್ಲಿನ ಪದ್ಧತಿಯೇ ನನಗೆ ಇಷ್ಟ. ಆದರೆ ಇಲ್ಲೂ ಹಣ ನಿರ್ಧಾರವಾಗುವುದು ಕಷ್ಟದ ಪಟ್ಟಿಯ ಮೇಲೆ, ಮಗುವಿನ ಖುಷಿಯ ಮೇಲಲ್ಲ. ಹಾಗಾಗಿ ಕ್ಯೂಓಎಲ್ ಅಂಕ ತೋರಿಸಿದರೆ ಹಣ ಜಾಸ್ತಿ ಸಿಗುತ್ತದೆ ಅಂದುಕೊಳ್ಳಬೇಡಿ. ಪ್ಲಾನ್‌ನ ಗುರಿ ಬರೆಯುವಾಗ ಅದು ಕೆಲಸಕ್ಕೆ ಬರುತ್ತದೆ. ನಮ್ಮ ಮೊದಲ ಗುರಿ 'ನಡಿಗೆ' ಆಗಿತ್ತು, ಈಗ 'ನೋವಿಲ್ಲದೆ ಶಾಲೆಯ ದಿನ ಕಳೆಯುವುದು'.

ನಿಮಗೆ ಇಂಗ್ಲಿಷ್ ಚೆನ್ನಾಗಿ ಬಂದರೂ ಮಗು ಮನೆಯಲ್ಲಿ ಕನ್ನಡ ಆಡುತ್ತಿದ್ದರೆ ದುಭಾಷಿ ಬೇಕು ಅಂತ ಮೊದಲೇ ಹೇಳಿ, ಸರ್ಕಾರಿ ದುಭಾಷಿ ಸೇವೆ ಟಿಐಎಸ್ ನ್ಯಾಷನಲ್ ನಂಬರ್ 131 450. 'ಕಚ್ತಿದೆ' ಅನ್ನುವುದನ್ನು ಇಂಗ್ಲಿಷ್‌ಗೆ ಹಾಗೇ ತಿರುಗಿಸಿದರೆ ಅದು ನೋವು ಅಂತ ಅವರಿಗೆ ಹೊಳೆಯುವುದಿಲ್ಲ.