ಕೋಳಿಮರಿಗೆ ಮೊದಲು ಬೇಕಾದದ್ದು ಕಾವು

ಹೋದ ವರ್ಷ ಜೂನ್ ತಿಂಗಳಲ್ಲಿ ಒಂದು ದಿನದ 20 ಗಿರಿರಾಜ ತಳಿಯ ಮರಿಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟುಕೊಂಡು ಧಾರವಾಡದಿಂದ ಹೊರಟು, ಅನಮೋಡ ಘಾಟಿ ಇಳಿದು, ಗೋವೆಯ ಫೋಂಡಾದ ನಮ್ಮ ಮನೆಗೆ ತಂದೆ. ದಾರಿಯಲ್ಲಿ ಒಂದೂ ಸಾಯಲಿಲ್ಲ. ಮೊಟ್ಟೆಯೊಡೆಯುವ ಮುನ್ನ ಮರಿ ಹಳದಿಯನ್ನು ಹೊಟ್ಟೆಯೊಳಗೆ ಎಳೆದುಕೊಂಡಿರುತ್ತದೆ. ಎರಡು ದಿನ ಅದರ ಬಲದಲ್ಲೇ ಬದುಕುತ್ತದೆ. ಸಾವು ಬಂದದ್ದು ಮನೆ ಸೇರಿದ ಮೂರನೆಯ ರಾತ್ರಿ. ಮಳೆಗೆ ಕರೆಂಟು ಹೋಯಿತು, ಬಲ್ಬು ಆರಿತು, ನಾವು ನಿದ್ದೆಯಲ್ಲಿದ್ದೆವು. ಬೆಳಿಗ್ಗೆ ಪೆಟ್ಟಿಗೆಯ ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದು 9 ಮರಿಗಳು ತಣ್ಣಗಾಗಿದ್ದವು. ಚಳಿಗೆ ಮೂಲೆ ಸೇರಿ, ಕೆಳಗಿನವು ಉಸಿರುಕಟ್ಟಿದ್ದವು.

ಹಾವೇರಿಯಲ್ಲಿರುವ ಅವ್ವನಿಗೆ ಫೋನಿನಲ್ಲಿ ಹೇಳಿದಾಗ ಅವಳು ಕೇಳಿದ್ದು ಒಂದೇ ಮಾತು: “ಹೇಂಟೆ ನಡುರಾತ್ರಿ ಮರಿಗಳ ಮೇಲಿನ ರೆಕ್ಕೆ ತೆಗೆದು ಎದ್ದು ಹೋಗುತ್ತದೆಯೇನಪ್ಪಾ?”

ಮತ್ತೆ ಮರಿ ತಂದದ್ದು ದಸರಾ ಕಳೆದ ಮೇಲೆ, ಗೋವೆಯ ಮಳೆ ನಿಂತಾಗ. ಈ ಸಲ ಮೂಲೆಯೇ ಇಲ್ಲದಂತೆ ರಟ್ಟನ್ನು ದುಂಡಗೆ ಬಾಗಿಸಿ ಆವರಣ ಮಾಡಿದೆ. ಕೆಳಗೆ ಎರಡು ಇಂಚು ಭತ್ತದ ಹೊಟ್ಟು, ಮೇಲೆ ಇಲಿ ನುಸುಳದಷ್ಟು ಸಣ್ಣ ಕಣ್ಣಿನ ತಂತಿ ಬಲೆ. ಬರೀ ಪತ್ರಿಕೆ ಹಾಸಿದರೆ ಕಾಲು ಜಾರಿ ಅಗಲವಾಗಿಬಿಡುತ್ತವೆ. ಮರಿ ಬರುವ ಮೂರು ಗಂಟೆ ಮೊದಲೇ 60 ವ್ಯಾಟಿನ ಹಳೆಯ ಮಾದರಿಯ ಬಲ್ಬು ಹಚ್ಚಿದೆ. ಎಲ್‌ಇಡಿ ಬೆಳಕು ಕೊಡುತ್ತದೆ, ಕಾವು ಕೊಡುವುದಿಲ್ಲ. ಮೊದಲ ವಾರ ಸುಮಾರು 35 ಡಿಗ್ರಿ ಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿ ಇಳಿಸುತ್ತ ಹೋಗಬೇಕು. ಗೋವೆಯ ಮಧ್ಯಾಹ್ನದಲ್ಲಿ ಎಷ್ಟೋ ದಿನ ಬಲ್ಬು ಆರಿಸಬೇಕಾಯಿತು.

ಥರ್ಮಾಮೀಟರಿಗಿಂತ ನಾನು ನಂಬುವುದು ಮರಿಗಳನ್ನೇ. ಬಲ್ಬಿನ ಕೆಳಗೆ ಗುಂಪುಗೂಡಿ ಕೀಚಲು ದನಿಯಲ್ಲಿ ಒಂದೇ ಸಮನೆ ಕೂಗಿದರೆ ಚಳಿ. ಅಂಚಿಗೆ ಸರಿದು, ಕೊಕ್ಕು ತೆರೆದು ಏದುಸಿರು ಬಿಟ್ಟರೆ ಸೆಕೆ. ಎಲ್ಲೆಡೆ ಹರಡಿ, ಒಂದಿಷ್ಟು ತಿನ್ನುತ್ತ ಒಂದಿಷ್ಟು ಮಲಗಿ ಸಣ್ಣಗೆ ಗುಣುಗುಟ್ಟುತ್ತಿದ್ದರೆ ಕಾವು ಸರಿಯಾಗಿದೆ. ಕರೆಂಟು ಹೋದರೆ ಇರಲಿ ಎಂದು ಬಿಸಿನೀರು ತುಂಬಿದ ಬಾಟಲಿಗಳಿಗೆ ಹಳೆಯ ಬಟ್ಟೆ ಸುತ್ತಿ ಒಳಗಿಡುತ್ತಿದ್ದೆ. ಮೊದಲ ವಾರ ಅಲಾರಂ ಇಟ್ಟು ರಾತ್ರಿ ಎರಡು ಸಲ ಏಳುತ್ತಿದ್ದೆ. ಕೆಂಡದ ಮಡಕೆಯನ್ನು ಮುಚ್ಚಿದ ಕೋಣೆಯಲ್ಲಿ ಇಡಲೇಬೇಡಿ. ಅದರಿಂದ ಏಳುವ ವಿಷಗಾಳಿ ಮರಿಗಳಿಗೂ ನಮಗೂ ಪ್ರಾಣಕ್ಕೆ ಕುತ್ತು.

ಮೊದಲು ನೀರು, ಆಮೇಲೆ ಮೇವು. ಉಗುರುಬೆಚ್ಚಗಿನ ನೀರಿಗೆ ಚೂರು ಬೆಲ್ಲ ಕರಗಿಸಿ, ಪ್ರತಿ ಮರಿಯ ಕೊಕ್ಕನ್ನೂ ಒಂದು ಸಲ ಅದ್ದಿದೆ. ತಲೆಯೆತ್ತಿ ಗುಟುಕರಿಸಿದ ಮೇಲೆಯೇ ಕೆಳಗೆ ಬಿಟ್ಟೆ. ಮರಿ ಮುಳುಗದಿರಲಿ ಎಂದು ನೀರಿನ ತಟ್ಟೆಗೆ ಬೆಣಚುಕಲ್ಲು ಹಾಕಿದ್ದೆ. ಮೇವಿಗೆ ಮೊದಲ ಸಲ ಬರೀ ಅಕ್ಕಿನುಚ್ಚು ಕೊಟ್ಟು ತಪ್ಪು ಮಾಡಿದ್ದೆ; ಉಳಿದ ಮರಿಗಳು ಬೆಳೆಯಲೇ ಇಲ್ಲ. ಮರಿಗಳ ಮೇವಿನಲ್ಲಿ ಶೇಕಡಾ 20ರಷ್ಟು ಪ್ರೋಟೀನ್ ಬೇಕು, ಹಾಗಾಗಿ ಈಗ ಅಂಗಡಿಯ ಸ್ಟಾರ್ಟರ್ ಮೇವನ್ನೇ ಕೊಡುತ್ತೇನೆ.

ನಾಲ್ಕನೆಯ ದಿನ ಒಂದು ಮರಿ ಕಣ್ಣು ಮುಚ್ಚಿ ತೂಗಾಡುತ್ತ ನಿಂತಿತ್ತು. ಎತ್ತಿ ನೋಡಿದರೆ ಹಿಕ್ಕೆ ಒಣಗಿ ಗುದದ್ವಾರವನ್ನು ಮುಚ್ಚಿಬಿಟ್ಟಿತ್ತು. ಕಿತ್ತರೆ ಚರ್ಮವೇ ಬರುತ್ತದೆ. ಬೆಚ್ಚಗಿನ ನೀರಿನಲ್ಲಿ ನೆನೆಸಿದ ಹತ್ತಿಯನ್ನು ಐದು ನಿಮಿಷ ಒತ್ತಿ ಹಿಡಿದಾಗ ಮೆತ್ತಗಾಗಿ ಕಳಚಿತು. ಒರೆಸಿ, ಒಂದು ಹನಿ ಕೊಬ್ಬರಿ ಎಣ್ಣೆ ಸವರಿ, ಅಂಗೈಯಲ್ಲೇ ಬೆಚ್ಚಗೆ ಹಿಡಿದುಕೊಂಡು ಕೂತೆ. ಸಂಜೆಗೆ ಮೇವು ಕುಕ್ಕುತ್ತಿತ್ತು.

ಕೊಕ್ಕರೆ ರೋಗಕ್ಕೆ, ಅಂದರೆ ರಾಣಿಖೇತಕ್ಕೆ, ಏಳನೆಯ ದಿನ ಲಾಸೋಟಾ ಲಸಿಕೆ ಕಣ್ಣಿಗೆ ಒಂದು ಹನಿ. 14ನೆಯ ದಿನ ಗುಂಬೋರೋ ರೋಗದ ಲಸಿಕೆ. 28ನೆಯ ದಿನ ಮತ್ತೆ ಲಾಸೋಟಾ. ಲಸಿಕೆಯನ್ನು ಮಂಜುಗಡ್ಡೆಯಲ್ಲಿಟ್ಟು ತರಬೇಕು, ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು. ನಮಗೆ ಸಿಕ್ಕ ಬಾಟಲಿ 100 ಮರಿಗಳಿಗೆ ಸಾಲುವಂಥದ್ದು. ಪಕ್ಕದ ಮನೆಯ ಕೊಂಕಣಿ ಅಜ್ಜಿಯ ಗಾವಠಿ, ಅಂದರೆ ನಾಟಿ, ಮರಿಗಳಿಗೂ ಅದೇ ಹೊತ್ತಿಗೆ ಹಾಕಿದೆವು. ಹೊಟ್ಟು ಒದ್ದೆಯಾದ ಜಾಗವನ್ನು ಅಂದಂದೇ ತೆಗೆಯುತ್ತಿದ್ದೆ. ಮೂರನೆಯ ವಾರದಿಂದ ಕಾಡುವ ರಕ್ತಭೇದಿ ಹಸಿಯಲ್ಲೇ ಬೆಳೆಯುತ್ತದೆ.

ಈ ಸಲ 20ರಲ್ಲಿ 19 ಉಳಿದವು. ಪುಕ್ಕ ತುಂಬಿದ ಮೇಲೆ, ಆರನೆಯ ವಾರ, ಬಲ್ಬು ಬಿಚ್ಚಿದೆ. ಅಂದು ರಾತ್ರಿಯೂ ಎರಡು ಸಲ ಎದ್ದು ಬಾಗಿಲ ಬಳಿ ಕಿವಿಗೊಟ್ಟೆ. ಕೀಚಲು ಕೂಗಿಲ್ಲ, ಅದೇ ಸಣ್ಣ ಗುಣುಗುಟ್ಟು.