ಮುಂಬಯಿ ಮನೆಯಲ್ಲಿ ಲ್ಯಾಪ್‌ಟಾಪ್‌ನಲ್ಲೇ ಕನ್ನಡ ಟಿವಿ ನೋಡಿ

ಡೊಂಬಿವಲಿಯಲ್ಲೋ ಭಾಂಡುಪ್‌ನಲ್ಲೋ ಇದ್ದೀರಿ. ಕೇಬಲ್‌ನವನನ್ನು ಕೇಳಿದರೆ ಕನ್ನಡ ಚಾನೆಲ್‌ಗೆ ಬೇರೆ ಪ್ಯಾಕ್ ಅಂತಾನೆ, ಡಿಶ್ ಹಾಕೋಣ ಅಂದರೆ ಸೊಸೈಟಿಯವರು ಬಿಡುವುದಿಲ್ಲ, ಬಿಟ್ಟರೂ ಜುಲೈ ಮಳೆ ಜೋರಾದ ಕೂಡಲೇ ಸಿಗ್ನಲ್ ಹೋಗುತ್ತೆ. ಮನೆಯಲ್ಲಿ ವೈಫೈ ಇದ್ದರೆ ಇಷ್ಟು ಒದ್ದಾಟ ಯಾಕೆ?

ಮೊದಲು ಆ್ಯಪ್ ಹುಡುಕಬೇಡಿ. ಮನೆಯವರು ನೋಡುವ ಧಾರಾವಾಹಿ ಯಾವ ಚಾನೆಲ್‌ನದು ಅಂತ ಕೇಳಿಕೊಳ್ಳಿ. ಕಲರ್ಸ್ ಕನ್ನಡ ಅಥವಾ ಸ್ಟಾರ್ ಸುವರ್ಣ ಆದರೆ ಜಿಯೋಹಾಟ್‌ಸ್ಟಾರ್, ಜೀ ಕನ್ನಡ ಆದರೆ ಜೀ5, ಉದಯ ಆದರೆ ಸನ್ ನೆಕ್ಸ್ಟ್. ಜಿಯೋಸಿನಿಮಾ ಮತ್ತು ಹಾಟ್‌ಸ್ಟಾರ್ 2025ರ ಫೆಬ್ರವರಿಯಲ್ಲೇ ಒಂದಾಗಿವೆ, ಹಳೇ ಹೆಸರಲ್ಲಿ ಹುಡುಕಿ ಸುಸ್ತಾಗಬೇಡಿ. ಅತ್ತೆಗೆ ಒಂದು, ಮಕ್ಕಳಿಗೆ ಒಂದು ಅಂತ ಮೂರಕ್ಕೂ ದುಡ್ಡು ಕಟ್ಟಿದರೆ ಕೇಬಲ್‌ಗಿಂತ ಜಾಸ್ತಿ ಆದೀತು. ಒಂದೇ ಸಾಕು.

ದುಡ್ಡು ಕಟ್ಟುವ ಮುಂಚೆ ಆ ಪ್ಲಾನ್ ಕಂಪ್ಯೂಟರ್‌ನಲ್ಲಿ ನಡೆಯುತ್ತಾ ಅಂತ ಓದಿ. ಫೋನ್ ರೀಚಾರ್ಜ್ ಜೊತೆ ಫ್ರೀ ಬರುವ ಪ್ಲಾನ್ ಎಷ್ಟೋ ಸಲ ಮೊಬೈಲ್‌ಗೆ ಮಾತ್ರ ಇರುತ್ತೆ, ಲ್ಯಾಪ್‌ಟಾಪ್‌ನಲ್ಲಿ ಲಾಗಿನ್ ಆದಮೇಲೆ ಮತ್ತೆ ದುಡ್ಡು ಕೇಳುತ್ತೆ.

ಸುದ್ದಿ ನೋಡೋಕಂತೂ ಒಂದು ಪೈಸೆಯೂ ಬೇಡ. ಟಿವಿ9 ಕನ್ನಡ, ಪಬ್ಲಿಕ್ ಟಿವಿ ಎರಡೂ ಯೂಟ್ಯೂಬ್‌ನಲ್ಲಿ ಲೈವ್ ಬರುತ್ತವೆ. ಚಂದನ ಬೇಕಾದವರಿಗೆ ಪ್ರಸಾರ ಭಾರತಿಯ ವೇವ್ಸ್ ಅನ್ನುವ ಸ್ಟ್ರೀಮಿಂಗ್ ಸೇವೆ ಇದೆ, 2024ರ ನವೆಂಬರ್‌ನಲ್ಲಿ ಇಲ್ಲೇ ಪಕ್ಕದ ಗೋವಾದ ಚಿತ್ರೋತ್ಸವದಲ್ಲಿ ಶುರುವಾಗಿದ್ದು. 'ಥಟ್ ಅಂತ ಹೇಳಿ' ನೋಡುತ್ತಾ ಬೆಳೆದವರು ಚಂದನದ ಯೂಟ್ಯೂಬ್ ಚಾನೆಲ್‌ಗೂ ಹೋಗಬಹುದು, ಹಳೇ ಕಂತುಗಳು ಸಿಗುತ್ತವೆ. ನನ್ನ ಮಟ್ಟಿಗೆ ಸಂಜೆಗೆ ಅದೇ ಸಾಕು.

ಇನ್ನು ನೋಡುವುದು. ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಕ್ರೋಮ್ ಅಥವಾ ಫೈರ್‌ಫಾಕ್ಸ್ ತೆರೆದು ಆಯಾ ಸೈಟ್‌ಗೆ ಹೋಗಿ, ಫೋನ್ ನಂಬರ್ ಕೊಟ್ಟು ಓಟಿಪಿ ಹಾಕಿದರೆ ಆಯಿತು. 'ಪ್ಲೇಯರ್ ಡೌನ್‌ಲೋಡ್ ಮಾಡಿ' ಅಂತ ಕೇಳುವ ಸೈಟ್ ಕಂಡರೆ ತಕ್ಷಣ ಮುಚ್ಚಿ, ಅದು ವೈರಸ್ ಅಂಗಡಿ. ವಿಂಡೋಸ್ 7 ಇರುವ ಹಳೇ ಕಂಪ್ಯೂಟರ್ ಆದರೆ ತೊಂದರೆ, 2023ರಿಂದ ಅದಕ್ಕೆ ಹೊಸ ಕ್ರೋಮ್ ಬರುತ್ತಿಲ್ಲ.

ದೊಡ್ಡ ಪರದೆ ಬೇಕಾ? ಲ್ಯಾಪ್‌ಟಾಪ್‌ನಿಂದ ಟಿವಿಗೆ ಎಚ್‌ಡಿಎಂಐ ಕೇಬಲ್ ಹಾಕಿ, ಟಿವಿ ರಿಮೋಟ್‌ನಲ್ಲಿ ಸೋರ್ಸ್ ಬದಲಿಸಿ, ವಿಂಡೋಸ್ ಕೀ ಜೊತೆ ಪಿ ಒತ್ತಿ ಡೂಪ್ಲಿಕೇಟ್ ಆರಿಸಿ. ಚಿತ್ರ ಟಿವಿಯಲ್ಲಿ, ಸದ್ದು ಲ್ಯಾಪ್‌ಟಾಪ್‌ನಲ್ಲೇ ಬಂದರೆ ಗಾಬರಿ ಬೇಡ, ಕೆಳಗಿನ ಸ್ಪೀಕರ್ ಗುರುತು ಒತ್ತಿ ಟಿವಿಯ ಹೆಸರು ಆರಿಸಿ. ಹಳೇ ವಿಜಿಎ ಕೇಬಲ್ ಹಾಕಿದರೆ ದುಡ್ಡು ಕಟ್ಟಿದ ಕಾರ್ಯಕ್ರಮಗಳು ಕೆಲವೊಮ್ಮೆ ಬರುವುದೇ ಇಲ್ಲ, ಕಾಪಿ ಮಾಡಬಾರದು ಅಂತ ಹಾಕಿದ ಬೀಗ ಅದು.

ವೈಫೈ ಇಲ್ಲದೆ ಫೋನ್ ಹಾಟ್‌ಸ್ಪಾಟ್‌ನಲ್ಲಿ ನೋಡುವವರು ಲೆಕ್ಕ ಇಟ್ಟುಕೊಳ್ಳಿ. ನೆಟ್‌ಫ್ಲಿಕ್ಸ್‌ನವರ ಅಂದಾಜಿನಲ್ಲಿ ಎಚ್‌ಡಿ ಚಿತ್ರಕ್ಕೆ ಗಂಟೆಗೆ ಸುಮಾರು 3 ಜಿಬಿ ಬೇಕು. ಅಂದರೆ ದಿನದ 2 ಜಿಬಿ 40 ನಿಮಿಷಕ್ಕೆ ಖಾಲಿ, ಧಾರಾವಾಹಿ ಮುಗಿದು ಸುದ್ದಿ ಹಾಕುವ ಹೊತ್ತಿಗೆ ಚಕ್ರ ತಿರುಗೋಕೆ ಶುರು. ಪ್ಲೇಯರ್‌ನ ಸೆಟ್ಟಿಂಗ್‌ಗೆ ಹೋಗಿ ಕ್ವಾಲಿಟಿ 480ಕ್ಕೆ ಇಳಿಸಿ. ಲ್ಯಾಪ್‌ಟಾಪ್ ಪರದೆಯಲ್ಲಿ ಅಂಥ ವ್ಯತ್ಯಾಸ ಕಾಣಲ್ಲ.